ಸೊಪ್ಪಿಗೆ ಖರ್ಚಿಲ್ಲ

"ಶಾಮಿಯಾನಕ್ಕೆ ಆರ್ ಸಾವ್ರ. ಮೈಕಿಗೆ ಎರ್ಡ್. ಸನ್ಮಾನದ್ ಶಾಲಿಗೆ ನೂರೈವತ್ತ್, ಅವ್ಳಿಗೆ ಅಷ್ಟ್ ಸಾಕ್. ಸೊಪ್ಪಿಗೆ ಖರ್ಚಿಲ್ಲ, ಕಾಡ್ ಹಾಡಿಯಂಗೆ ಬೇಕಾದಷ್ಟ್ ಇತ್ತ್."

ಶಾಲೆಯ ಅಧ್ಯಕ್ಷ ಹೃಷಿಕೇಶರು ಜಗಲಿಯಲ್ಲಿ ಕೂತು ಬೆರಳು ಮಡಚುತ್ತ ಲೆಕ್ಕ ಹೇಳುತ್ತಿದ್ದರು. ನೂರೈವತ್ತರ ಶಾಲಿನ ಸುಂದರಿ ಅದೇ ಜಗಲಿಯನ್ನು ಒರೆಸುತ್ತಿದ್ದಳು. ಹನ್ನೊಂದು ವರ್ಷದಿಂದ ಆ ಶಾಲೆಯ ಕಕ್ಕಸು ತೊಳೆಯುವವಳು ಅವಳೇ. ಕೊರಗರ ಹೆಂಗಸು ಸಿಗುವಾಗ ಬೇರೆಯವರನ್ನು ಯಾರು ಹುಡುಕುತ್ತಾರೆ?

ಮೇಲಿನಿಂದ ಸುತ್ತೋಲೆ ಬಂದಿತ್ತು. ಊರಿನ ಬುಡಕಟ್ಟು ಜನರ ವಿಷಯ ಮಕ್ಕಳಿಗೆ ತಿಳಿಸಬೇಕು, ಅವರನ್ನು ಗೌರವಿಸಬೇಕು, ಫೋಟೋ ಕಳಿಸಬೇಕು.

"ಹ್ವಾಯ್ ಸುಂದ್ರಿ, ನಿನ್ ಮೊಮ್ಮಗಳಿಗೆ ಸೊಪ್ಪ್ ಕಟ್ಟಿ ಸ್ಟೇಜಿಗ್ ಹತ್ಸ್ಕ್. ಮುಖಕ್ಕೆ ಮಸಿ ಮಾಸ್ಟ್ರ್ ಹಚ್ತ್ರ್. ನೀ ಡೋಲ್ ಬಡಿ."

ಸುಂದರಿ ಒರೆಸುವ ಬಟ್ಟೆ ಹಿಂಡಿದಳು. ಮೊಮ್ಮಗಳು ಸೌಮ್ಯಶ್ರೀ ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಅವರ ಮನೆಯಲ್ಲಿ ಏಳರ ಮುಖ ಕಂಡವಳು ಅವಳೊಬ್ಬಳೇ. ಕಾರ್ಯಕ್ರಮದ ಸುದ್ದಿ ಕ್ಲಾಸಿನಲ್ಲಿ ಕಿವಿಗೆ ಬಿದ್ದ ದಿನವೇ ಅವಳು ಬ್ಯಾಗು ಮೂಲೆಗೆ ಎಸೆದು, "ಸೊಪ್ಪ್ ಕಟ್ಸ್ರೆ ನಾ ಇನ್ ಶಾಲಿಗ್ ಹೋತಿಲ್ಲೆ ಅಜ್ಜಿ" ಅಂದಿದ್ದಳು. ಹುಡುಗಿ ಆಡಿದ ಮಾತಿಗೆ ತಪ್ಪುವವಳಲ್ಲ.

"ಒಡ್ಯಾ, ಸೊಪ್ಪ್ ಉಟ್ಟದ್ದ್ ನನ್ನಜ್ಜಿ. ಬಟ್ಟಿ ಉಡೂಕೆ ನಿಮ್ಮೋರ್ ಬಿಡ್ಲಿಲ್ಲ, ಅದ್ಕೆ ಉಟ್ಟದ್ದ್. ನಮ್ ಹೆಣ್ಣ್ ಯೂನಿಫಾರ್ಮಂಗೇ ಬತ್ತ್."

"ಬೇವರ್ಸಿ ಮುಂಡೆ! ಗೌರವ ಕೊಡ್ತೆ ಅಂದ್ರೆ ತಲಿ ಮೇಲ್ ಹತ್ತಿ ಕೂಕಂತ್ಯಾ? ಹೆಣ್ಣ್ ಸೊಪ್ಪ್ ಕಟ್ಲಿಲ್ಲ ಅಂದ್ರೆ ನೀನೂ ಬಪ್ಪುದ್ ಬೇಡ, ಅದೂ ಬಪ್ಪುದ್ ಬೇಡ."

ಹೆಡ್‌ಮಾಸ್ಟರ್ ಗೌರೀಶ್ ಅವಳ ಹತ್ತಿರ ಬಂದು, ಆದರೆ ನಾಲ್ಕು ಅಡಿ ದೂರದಲ್ಲೇ ನಿಂತು ಹೇಳಿದರು: "ಹತ್ತ್ ನಿಮಿಷದ್ ಕೆಲ್ಸ ಮರಾಯ್ತಿ. ಬೈಂದೂರಿಂದ ಸಾಹೇಬ್ರ್ ಬತ್ರ್. ನನ್ ಮರ್ಯಾದಿ ಉಳ್ಸ್."

ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಆರು ಕುರ್ಚಿ. ಸುಂದರಿಯ ಕುರ್ಚಿ ಕೆಳಗೆ, ಚಪ್ಪಲಿ ಬಿಟ್ಟ ಕಡೆ; ಪಕ್ಕದಲ್ಲಿ ಅವಳ ಡೋಲು. ಸನ್ಮಾನಕ್ಕೆ ಮೇಲೆ ಕರೆದಾಗ ಹೃಷಿಕೇಶರು ಶಾಲನ್ನು ಅವಳ ಹೆಗಲಿಗೆ ಬಲೆ ಬೀಸಿದ ಹಾಗೆ ಎಸೆದರು. ಬೆರಳ ತುದಿಯೂ ತಾಗಲಿಲ್ಲ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

"ಮಕ್ಳೇ, ಪ್ರಶ್ನೆ ಕೇಳಿ" ಎಂದರು ಗೌರೀಶ್.

ಶ್ರಾವ್ಯ ಎಂಬ ಹುಡುಗಿ ಎದ್ದಳು. "ಕೊರಗರ್ ಅಂದ್ರೆ ಯಾರ್ ಅಜ್ಜಿ?"

ಮೈಕು ಹೃಷಿಕೇಶರ ಕೈಗೆ ಹಾರಿತು. "ಕಾಡಂಗಿದ್ದೋರ್. ಸೊಪ್ಪ್ ಉಡೂವೋರ್. ಈಗ ಕಾಣಿ, ತೋರ್ಸ್ತ್ರ್. ಏ ಹೆಣ್ಣೇ, ಹೋಯಿ ಕಟ್ಕಂಡ್ ಬಾ!"

ವೇದಿಕೆಯ ಒಂದು ಬದಿಯಲ್ಲಿ ಸೊಪ್ಪಿನ ಕಟ್ಟು ಬಿದ್ದಿತ್ತು. ಅದರ ಪಕ್ಕದಲ್ಲಿ ಸೌಮ್ಯಶ್ರೀ ಯೂನಿಫಾರ್ಮಿನಲ್ಲೇ ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಮಕ್ಕಳು ಆಗಲೇ ನಗಲು ಶುರುಮಾಡಿದ್ದರು.

ಸುಂದರಿ ಕೈ ಚಾಚಿದಳು. ಅವಳ ಕೈ ತಾಗೀತು ಎಂದು ಹೃಷಿಕೇಶರು ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಅವಳು ಎತ್ತಿಕೊಂಡಳು.

"ನಾ ಹೇಳ್ತೆ ಮಗಾ. ಹಿಂದೆ ದೊಡ್ಡೋರ್ ಮನಿಯಂಗೆ ಹುಟ್ಟದ್ ಮಕ್ಳೆಲ್ಲ ಸತ್ರೆ, ಮುಂದಿನ ಮಗೂನ ಕೊರಗರ್ ಹೆಂಗ್ಸಿನ್ ಮಡ್ಲಿಗ್ ಹಾಕ್ತಿದ್ರ್. ಅವ್ಳ್ ಹಾಲ್ ಕೊಟ್ಟ್, ಕೊರಗ ಅಂತ ಹೆಸ್ರಿಟ್ಟ್ ತಿರ್ಗಿ ಕೊಡುದ್. ಕೊರಗರ್ ಮಕ್ಳನ್ನ ಸಾವೂ ಮುಟ್ಟುದಿಲ್ಲ ಅಂಬ್ರಪ್ಪ. ಈ ಅಧ್ಯಕ್ಷರ್ ಮನಿಯಂಗೆ ಮೂರ್ ಮಕ್ಳ್ ಹೋದೊ. ನಾಕ್ನೇದ್ ನನ್ನ ಹೆತ್ತಬ್ಬಿ ಮಡ್ಲಿಗ್ ಬಂತ್. ನಂಗಾಗ ಆರ್ ವರ್ಷ. ಬಾಗ್ಲ್ ಹಿಂದ್ ನಿಂತ್ ಕಂಡಿದೆ. ನನ್ ತಂಗಿ ಹಸ್ದ್ ಅಳ್ತಿತ್ತ್, ಅಬ್ಬಿ ಇವ್ರಿಗೆ ಹಾಲ್ ಕೊಡ್ತಿದ್ಲ್. ಶಾಲಿಗ್ ಸೇರ್ಸುವರಿಗೂ ಇವ್ರ್ ಹೆಸ್ರ್ ಕೊರಗ."

ಅತಿಥಿ ಸಾಹೇಬರು ಮೊಬೈಲಿನಿಂದ ತಲೆ ಎತ್ತಿದರು. ಸುಂದರಿ ಹೃಷಿಕೇಶರ ಕಡೆ ತಿರುಗಿದಳು.

"ಹ್ವಾಯ್ ಕೊರಗ. ನನ್ನಬ್ಬಿ ಹಾಲ್ ಕುಡ್ದ್ ಬದ್ಕಿದ್ ತಮ್ಮ ನೀನ್. ಸೊಪ್ಪ್ ಮೊದ್ಲ್ ನೀ ಕಟ್. ನಾ ಡೋಲ್ ಬಡಿತೆ."

"ಎಳೀರಾ ಇವ್ಳನ್ನ! ಹೊರಗ್ ಹಾಕಿ ರಂಡೇನ!"

ನಾಲ್ಕು ಜನ ಎದ್ದರು. ಎಳೆಯಬೇಕಾದರೆ ಮುಟ್ಟಬೇಕು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ತಾನೇ ಮೈಕು ಕೆಳಗಿಟ್ಟು, ಮೊಮ್ಮಗಳ ಕೈ ಹಿಡಿದು ಇಳಿದಳು.

ಮಾರನೆಯ ದಿನ ಸುಂದರಿಯ ಕೆಲಸ ಹೋಯಿತು. ಶಾಲೆಯಲ್ಲಿ ಬಿಟ್ಟು ಬಂದ ಡೋಲನ್ನು ಕೇಳಲು ಹೋದರೆ, ಇಲ್ಲಿ ಯಾವ ಡೋಲೂ ಇಲ್ಲ ಎಂದರು. ಮೊಮ್ಮಗಳ ಹೆಸರನ್ನು ಹಾಜರಿಯಿಂದ ಹೊಡೆದುಹಾಕಲು ಮಾತ್ರ ಅಧ್ಯಕ್ಷರಿಗೆ ಧೈರ್ಯ ಬರಲಿಲ್ಲ; ಅಷ್ಟು ಹೊತ್ತಿಗೆ ಯಾರೋ ತೆಗೆದ ವೀಡಿಯೋ ಊರೂರು ದಾಟಿ ಹಂಗಾರಕಟ್ಟೆಯ ತನಕ ಹೋಗಿತ್ತು.

ಸೌಮ್ಯಶ್ರೀ ಶಾಲೆಗೆ ಹೋಗುತ್ತಿದ್ದಾಳೆ. ಎರಡನೇ ಬೆಂಚಿನಲ್ಲಿ ಅವಳೊಬ್ಬಳೇ.