ಕೈ ಅಲ್ಲ, ಕಾಲು

"ಅವಳ ಹತ್ರ ಮಾತಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು? ಇದು ಪ್ರಯೋಗಶಾಲೆ ತುಕ್ರಪ್ಪ, ವಿಟ್ಲದ ಸಂತೆ ಅಲ್ಲ!"

"ಸಂತೆಯಲ್ಲಾದ್ರೆ ತಕ್ಕಡಿ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದೆ ಮೇಡಂ. ಇಲ್ಲಿ ಅದೂ ಇಲ್ಲ!"

ಮೇಜಿಗೆ ಬಡಿದೆ. ಡಾ. ಶಶಿಪ್ರಭಾ ಅವರ ಚಹಾ ಚೆಲ್ಲಿತು. ಚೆಲ್ಲಲಿ.

ಮೂಡುಬಿದಿರೆಯ ಆ ಲ್ಯಾಬಿಗೆ ನಾಲ್ಕು ತಿಂಗಳಿಂದ ವಿಟ್ಲದ ನಬೀಸಾ ತನ್ನ ಮಗಳನ್ನು ಕರೆತರುತ್ತಿದ್ದಳು. ಮಗಳು ರಾಫಿಯಾ ದರ್ಜಿ. ಮೆದುಳಿನ ರಕ್ತನಾಳ ಒಡೆದು ಈಗ ಕಣ್ಣು ಮಾತ್ರ ಆಡುತ್ತದೆ. ತಲೆಗೆ ತಂತಿಯ ಟೋಪಿ ಹಾಕಿ, ಬಲಗೈ ಮುಷ್ಟಿ ಕಟ್ಟಿದಂತೆ ಯೋಚಿಸು ಎನ್ನುತ್ತಿದ್ದರು. ಯೋಚನೆ ಸರಿಯಾದರೆ ಪರದೆಯ ಬಿಂದು ಓಡಬೇಕು. ಒಂದು ದಿನವೂ ಓಡಲಿಲ್ಲ. ಅವತ್ತು ಮೇಡಂ, "ಇವಳು ಮನಸ್ಸು ಕೊಡುದಿಲ್ಲ, ಮುಂದಿನ ವಾರದಿಂದ ಬರುದು ಬೇಡ" ಎಂದು ಹೇಳಿ ಫೋನಿಗೆ ಎದ್ದು ಹೋದರು. ನಬೀಸಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು ರಾಫಿಯಾಳ ಕಿವಿಯ ಹತ್ತಿರ ಬಗ್ಗಿದೆ. "ಕೈ ಬಿಡು ಮಗಾ. ಹೊಲಿಗೆ ಮೆಷಿನು ತುಳಿ. ಜೋರು ತುಳಿ."

ಬಿಂದು ಓಡಿತು! ನಬೀಸಾ ಕಿರುಚಿದ್ದು ಕೇಳಿ ಮೇಡಂ ಓಡಿ ಬಂದು ನನ್ನನ್ನು ತಮ್ಮ ಕೋಣೆಗೆ ಕರೆದರು; ತಮ್ಮನ ಗಾಲಿಕುರ್ಚಿ ತಳ್ಳಿಕೊಂಡೇ ಹೋದೆ.

ನನಗೆ ಇದು ಗೊತ್ತಾದದ್ದು ಹೇಗೆಂದರೆ, ಮೊದಲ ತಪ್ಪು ನನ್ನದೇ. ನಾವು ಮುಂಡಾಜೆಯವರು. ನನ್ನ ತಮ್ಮ ಚಿದಾನಂದ ಕಾಲಿಗೆ ಹಗ್ಗದ ತಳೆ ಹಾಕಿ ಅಡಿಕೆ ಮರ ಹತ್ತುವವನು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ಮೇಲಿಂದ ಬಿದ್ದ. ಕೈಕಾಲು ಹೋಯಿತು, ಮಾತೂ ಹೋಯಿತು. ಐದು ವರ್ಷದ ಹಿಂದೆ ರಾಫಿಯಾ ಕೂರುವ ಕುರ್ಚಿಯಲ್ಲೇ ಅವನಿಗೂ ಅದೇ ಮುಷ್ಟಿ. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ನನಗೆ ಸಿಟ್ಟು ಬಂದು ತುಳುವಿನಲ್ಲಿ ಬೈದೆ: ಮುಷ್ಟಿ ಸಾಯಲಿ, ನೀನು ಮರ ಹತ್ತು. ಬಿಂದು ಮೇಲೆ ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಏನು ಹೇಳಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಜಗಳದ ಹಿಂದಿನ ವಾರ ಲ್ಯಾಬಿನ ಹುಡುಗಿ ದೀಪಶ್ರೀ ಮೆದುಳಿನ ಚಿತ್ರ ತೋರಿಸಿದಳು. ಕೈಯ ಜಾಗ ಬದಿಯಲ್ಲಿ, ಕಾಲಿನದ್ದು ನಡುನೆತ್ತಿಯಲ್ಲಿ. "ಚಿದಾನಂದಣ್ಣನ ಕೈಯ ಸಂಕೇತ ನಡುನೆತ್ತಿಯಲ್ಲಿ ಬಂತಲ್ವಾ, ಅದೇ ಮೇಡಂನ ದೊಡ್ಡ ಶೋಧ" ಎಂದಳು. ಕೈಯೂ ಅಲ್ಲ, ಶೋಧವೂ ಅಲ್ಲ. ಅವನು ಮರ ಹತ್ತುತ್ತಿದ್ದ! ಅದನ್ನೇ ನಂಬಿ ಟೋಪಿಯ ತಂತಿಗಳನ್ನು ನಡುನೆತ್ತಿಗೆ ಕೂರಿಸಿ, ಬಂದವರಿಗೆಲ್ಲ ಮುಷ್ಟಿ ಕಟ್ಟಿಸುತ್ತಿದ್ದರು.

ಆ ಶೋಧದ ಬಗ್ಗೆ ಮೇಡಂ ಬರೆದ ಪೇಪರನ್ನು ಲೋಕದ ನಾನೂರ ಹನ್ನೆರಡು ವಿಜ್ಞಾನಿಗಳು ತಮ್ಮ ಪೇಪರಿನಲ್ಲಿ ಹೆಸರಿಸಿದ್ದಾರಂತೆ. ಗೇಟಿನಲ್ಲಿ ಅದರದ್ದೇ ಫ್ಲೆಕ್ಸ್ ಉಂಟು. ನಾನೂರು ಆದ ದಿನ ಕೇಕು ಕತ್ತರಿಸಿದರು. ಚಿದಾನಂದನ ಬಾಯಿಗೂ ತುರುಕಿದರು. ಅವನಿಗೆ ನುಂಗಲು ಆಗುವುದಿಲ್ಲ ಎಂಬುದು ಅಷ್ಟು ಓದಿದವರಿಗೆ ನೆನಪಿರಲಿಲ್ಲ. ಬೆರಳು ಹಾಕಿ ತೆಗೆದವನು ನಾನು. ತಮ್ಮನಿಗೆ ಮರ ಹತ್ತು ಎಂದದ್ದನ್ನು ಅವತ್ತು ಮೇಡಂನ ಎದುರು ಒದರಿಬಿಟ್ಟೆ.

"ಐದು ವರ್ಷ ಬಾಯಿಗೆ ಬೀಗ ಹಾಕಿದ್ದಾ?" ಮೇಡಂ ಕೇಳಿದರು.

"ಕೈಗೊಂದು ಜಾಗ ಕಾಲಿಗೊಂದು ಜಾಗ ಅಂತ ಏಳನೇ ಕ್ಲಾಸಿನವನಿಗೆ ಎಲ್ಲಿಂದ ಗೊತ್ತಾಗುದು? ನಿಮಗೆ ಗೊತ್ತಿತ್ತಲ್ಲ! ಒಂದು ಸಲ ನನ್ನನ್ನು ಕೇಳ್ಬಹುದಿತ್ತಲ್ಲ!"

ಮೇಡಂ ಡ್ರಾಯರಿನಿಂದ ಒಂದು ಕಾಗದ ತೆಗೆದರು. ದನಿ ಈಗ ಬೆಣ್ಣೆ. "ನೋಡಿ, ಜರ್ಮನಿಯವರು ಪತ್ರ ಬರ್ದಿದ್ದಾರೆ, ಅವರು ಮಾಡಿ ನೋಡಿದ್ರೆ ಹೀಗೆ ಬರುದಿಲ್ಲವಂತೆ. ಚಿದಾನಂದ ಕೈಯನ್ನೇ ಯೋಚಿಸಿದ್ದು ಅಂತ ಇದರಲ್ಲಿ ನೀವೊಂದು ಸೈನ್ ಹಾಕಿ. ರಾಫಿಯಾ ಬರ್ಲಿ, ಬೇಕಾದ್ರೆ ತುಳೀಲಿ. ದಾಖಲೆಯಲ್ಲಿ ಕೈ ಅಂತ ಬರೆಯುವ."

"ಸೈನ್ ಹಾಕದಿದ್ರೆ?"

"ಆ ಪೇಪರ್ ಬಿದ್ರೆ ಪ್ರಾಜೆಕ್ಟೇ ಬೀಳ್ತದೆ. ಯಂತ್ರ ಪ್ರಾಜೆಕ್ಟಿನದ್ದು. ನಿಮ್ಮ ತಮ್ಮನದ್ದೂ ಇಲ್ಲೇ ಬಿಡ್ಬೇಕಾಗ್ತದೆ."

ಚಿದಾನಂದನ ಗಾಲಿಕುರ್ಚಿಗೆ ಕಟ್ಟಿದ ಆ ಯಂತ್ರದಲ್ಲಿ ಅವನು ಅಂಥದ್ದೇ ಟೋಪಿ ಹಾಕಿಕೊಂಡು ಮನಸ್ಸಿನಿಂದಲೇ ಒಂದೊಂದು ಅಕ್ಷರ ಆರಿಸಿ ಮಾತಾಡುತ್ತಿದ್ದ. ಅದನ್ನು ತೋರಿಸಲಿಕ್ಕೇ ಅವನನ್ನು ಲ್ಯಾಬಿಗೆ ಕರೆತರುತ್ತಿದ್ದೆ. ಹಸಿವೆ, ನೋವು, ನನಗೆ ಬೈಗುಳ, ಎಲ್ಲ ಅದರಲ್ಲೇ. ಸುಳ್ಳು ಹೇಳುವುದಿಲ್ಲ, ನಾನು ಪೆನ್ನು ತೆಗೆದುಕೊಂಡೆ. ಕಾಗದದ ಮೇಲೆ ಇಟ್ಟೆ ಕೂಡ.

ಹಿಂದೆ ಯಂತ್ರ ಟಿಕ್ ಎಂದಿತು. ಪರದೆಯಲ್ಲಿ ಮ. ಆಮೇಲೆ ರ. ಮರ.

"ಚಿದಾನಂದ, ನೀವು ಸುಮ್ನಿರಿ" ಎಂದರು ಮೇಡಂ.

ಮತ್ತೆ ಟಿಕ್. ನಿಧಾನಕ್ಕೆ, ಬೆವರುತ್ತಾ ಬರೆದ: ಪೋಯಿ. ತುಳುವಿನಲ್ಲಿ ಹೋಗುವ ಎಂದು.

ಆ ಇಂಗ್ಲಿಷ್ ಕಾಗದದ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದೆ: ಕೈ ಅಲ್ಲ, ಕಾಲು. ಮರ ಹತ್ತು ಎಂದವನು ನಾನು. ಕೆಳಗೆ ತುಕ್ರಪ್ಪ ಎಂದು ಸಹಿ. ದೀಪಶ್ರೀ ಬಾಗಿಲಲ್ಲಿ ನಿಂತಿದ್ದಳು. ಕಾಗದ ಅವಳ ಕೈಗೆ ಕೊಟ್ಟೆ. "ಜರ್ಮನಿಗೆ ಕಳಿಸ್ತೀಯೋ, ಹರಿತೀಯೋ, ನಿನಗೆ ಬಿಟ್ಟದ್ದು."

ತಮ್ಮನ ತಲೆಯಿಂದ ಟೋಪಿಯನ್ನೂ ಕುರ್ಚಿಯಿಂದ ಯಂತ್ರವನ್ನೂ ಬಿಚ್ಚಿ ಮೇಡಂನ ಮೇಜಿನ ಮೇಲಿಟ್ಟೆ, ತಂತಿಗೆ ಹಚ್ಚಿದ್ದ ಅಂಟು ಚೆಲ್ಲಿದ ಚಹಾದೊಂದಿಗೆ ಸೇರಿಕೊಂಡಿತು.

"ತುಕ್ರಪ್ಪ, ನಾಳೆ ಫೋನ್ ಮಾಡ್ತೇನೆ. ಯೋಚನೆ ಮಾಡಿ" ಎಂದರು.

"ಯೋಚನೆ ಮಾಡಿ ಮಾಡಿಯೇ ಇವನು ನಿಮ್ಮನ್ನು ದೊಡ್ಡವರು ಮಾಡಿದ್ದು. ಸಾಕು."

ಹೊರಗಿನ ಕೋಣೆಯಲ್ಲಿ ರಾಫಿಯಾ ಇನ್ನೂ ತುಳಿಯುತ್ತಿದ್ದಳು, ಬಿಂದು ಓಡುತ್ತಿತ್ತು. "ನಿಲ್ಲಿಸ್ಲಿಕ್ಕೆ ಬಿಡ್ಬೇಡಿ" ಎಂದೆ ನಬೀಸಾಗೆ. ಈಗ ಮನೆಯಲ್ಲಿ ನಾನು ಅಕ್ಷರ ಹೇಳುತ್ತಾ ಹೋಗುತ್ತೇನೆ, ಬೇಕಾದದ್ದು ಬಂದಾಗ ತಮ್ಮ ಕಣ್ಣು ಮುಚ್ಚುತ್ತಾನೆ. ಒಂದು ಮಾತಿಗೆ ಅರ್ಧ ಗಂಟೆ.

ಅವತ್ತು ಗಾಲಿಕುರ್ಚಿ ತಳ್ಳಿಕೊಂಡು ಆ ಫ್ಲೆಕ್ಸಿನ ಕೆಳಗಿನಿಂದ ಹೊರಗೆ ಬಂದೆವು. ಮೇಡಂ ಏಳು ಸಲ ಫೋನ್ ಮಾಡಿದರು. ಮತ್ತೆ ಆ ಗೇಟು ದಾಟಲಿಲ್ಲ.