ಕುರ್ಚಿಯ ಮೇಲಿನ ಟೋಪಿ

ಜುಲೈ ಚಳಿ ಗಾಜಿನ ಮೇಲೆ ಮಂಜಾಗಿ ಕೂತಿದೆ, ಆಚೆ ವೆಸ್ಟ್‌ಲ್ಯಾಂಡ್ಸ್‌ನ ಮಟಾಟು ವ್ಯಾನುಗಳು ಹಾರ್ನ್ ಹೊಡೆಯುತ್ತಿವೆ, ಬೆಳಗಿನಿಂದ ವಿದ್ಯಾರ್ಥಿಗಳ ಹನ್ನೊಂದು ಮೇಲ್ಮನವಿ ಮುಗಿದು ಮೇಜಿನ ಮೇಲೆ ಹನ್ನೆರಡನೆಯದು ಬಂದಿದೆ, ದ್ವಾರಕಾನಾಥರ ಚಾಯ್ ಮೇಲೆ ಕೆನೆ ಕಟ್ಟಿದೆ — ಹನ್ನೆರಡನೆಯದು ಮುಥೋನಿಯದು, ಅವರೇ ಫೇಲ್ ಮಾಡಿದ ಹುಡುಗಿಯದು, ಅವಳ ಪ್ರಬಂಧದ ಮೇಲೆ ಕೆಂಪು ಇಂಕಿನಲ್ಲಿ ಅವರದೇ ಅಕ್ಷರ, ಆಧಾರವಿಲ್ಲದ ಆರೋಪ. ಆಧಾರ! ಅದು ಇಪ್ಪತ್ತೆರಡು ವರ್ಷದಿಂದ ಅವರ ಮನೆಯ ಬೀರುವಿನಲ್ಲಿದೆ, ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ, ಒಂದೇ ಒಂದು ಜೆರಾಕ್ಸ್ ಹಾಳೆ. ಅವಳ ಪ್ರಬಂಧದ ವಿಷಯ ಆಬ್ನರ್ ಟಿಲ್ಲಟ್, ಸತ್ತು ನೂರೈವತ್ತು ವರ್ಷವಾದ ಅಮೇರಿಕದ ವಕೀಲ, ಗಿರಣಿ ಕೂಲಿಯ ಮಗ, ಫೀಸಿಗೆ ಜೋಳದ ಮೂಟೆ, ಒಮ್ಮೆ ಹಂದಿಮರಿ ಪಡೆದು ವಾದ ಮಾಡಿದವನು — ಮಂಡ್ಯದಲ್ಲಿ ತಾತನ ಕೇಸು ನಡೆಸಿದ ವಕೀಲರೂ ಹೀಗೇ, ಏನಪ್ಪಾ ಅವರೆಕಾಯಿ ತಂದ್ಯಾ ಎಂದು ಕೇಳಿಯೇ ಕಾಗದ ಬಿಚ್ಚುತ್ತಿದ್ದರು, ಅದಕ್ಕೇ ಇರಬೇಕು ಟಿಲ್ಲಟ್ ಅಷ್ಟು ಹಿಡಿಸಿದ್ದು — ಓಡಿಬಂದ ಗುಲಾಮ ಹೆಂಗಸಿನ ಪರ ಪುಕ್ಕಟೆ ನಿಂತು ಗೆದ್ದು, ಆ ಹೆಸರಿನಿಂದಲೇ ರಾಜ್ಯದ ಶಾಸನಸಭೆಗೆ ಹೋದವನು, ಕರಿಯರು ಕೋರ್ಟಿನಲ್ಲಿ ಸಾಕ್ಷಿ ಹೇಳಕೂಡದೆಂಬ ಮಸೂದೆಗೆ ಮತ ಹಾಕಲು ಹೆಸರು ಕೂಗಿದಾಗ ಮಾತ್ರ ಸಭೆಯಲ್ಲಿರಲಿಲ್ಲ. ಜ್ವರ, ಎನ್ನುತ್ತದೆ ದ್ವಾರಕಾನಾಥರ ಪುಸ್ತಕದ ನೂರ ಹದಿನಾಲ್ಕನೆಯ ಪುಟ, ಆ ಪುಸ್ತಕದಿಂದಲೇ ಈ ಕೆಲಸ, ಈ ಕುರ್ಚಿ. ಅರ್ಧ ಗಂಟೆ ಮುಂಚೆ ಸೇತುವೆ ಮಸೂದೆಗೆ ಎದ್ದು ನಿಂತು ಹೌದು ಅಂದವನಿಗೆ ಜ್ವರ ಯಾವಾಗ ಬಂತು ಪ್ರೊಫೆಸರ್, ಎಂದು ಮುಥೋನಿ ಮೌಖಿಕ ಪರೀಕ್ಷೆಯಲ್ಲಿ ಕೇಳಿದ್ದಳು, ನಗುತ್ತಲೇ, ಅವನು ಹೆದರಿ ಎದ್ದು ಹೋದ ಅನ್ನಿಸುತ್ತದೆ. ಅನ್ನಿಸಿದರೆ ಸಾಲದು ತಾಯಿ, ಎಂದಿದ್ದರು ಇವರು, ಬೀರುವಿನ ಹಾಳೆ ಕಣ್ಣ ಮುಂದೆ ಇಟ್ಟುಕೊಂಡೇ — ಸಭೆಯ ಬಾಗಿಲು ಕಾಯುವವನ ದಿನಚರಿ: ಟಿಲ್ಲಟ್ ಸಾಹೇಬರು ಎದ್ದು ಹೋದರು, ಟೋಪಿ ಕುರ್ಚಿಯ ಮೇಲೇ ಇತ್ತು, ಟೋಪಿ ಇಟ್ಟರೆ ಈಗ ಬರುತ್ತೇನೆಂದು ಲೆಕ್ಕ, ಬರಲಿಲ್ಲ, ಮಸೂದೆ ಒಂದೇ ಮತದಲ್ಲಿ ಪಾಸಾಯಿತು.

ಕೈ ಎತ್ತಿ, ಎನ್ನುತ್ತಿದ್ದಾರೆ ಮೇಲ್ಮನವಿ ಸಮಿತಿಯ ಅಧ್ಯಕ್ಷೆ, ಮನವಿಯ ಪರ ಇಬ್ಬರು, ವಿರುದ್ಧ ಇಬ್ಬರು, ಸಮ ಬಂದರೆ ಮನವಿ ಬಿತ್ತು, ದ್ವಾರಕಾನಾಥ್ ಅವರೇ ನೀವು? ಮಾರ್ಕು ಕೊಟ್ಟವರೂ ಇಲ್ಲಿ ಕೈ ಎತ್ತಬಹುದು, ಹಾಳಾದ ಪದ್ಧತಿ. ಪಕ್ಕದಲ್ಲಿ ಮಂಗಳೂರಿನ ಲವೀನಾ, ಕನ್ನಡದಲ್ಲಿ, ಪಿಸುದನಿಯಲ್ಲಿ, ಎತ್ತಿ ಸರ್ ಮಾರಾಯ್ರೆ, ಶುಕ್ರವಾರದೊಳಗೆ ಡಿಗ್ರಿ ತೋರಿಸದಿದ್ರೆ ಪಾಪ ಅವಳ ಅಪ್ಪರ್ ಹಿಲ್ ಆಫೀಸಿನ ಕೆಲಸ ಹೋಗ್ತದೆ. ಕೈ ಮಂಡಿಯ ಮೇಲಿದೆ, ಬೆರಳು ತಣ್ಣಗಿವೆ, ಎತ್ತಿದರೆ ಕೇಳುತ್ತಾರೆ, ಹಾಗಾದರೆ ಅವಳು ಸರಿಯೇ, ಹಾಗಾದರೆ ನೂರ ಹದಿನಾಲ್ಕನೆಯ ಪುಟ, ನಿಮಗೆ ಯಾವಾಗ ಗೊತ್ತಾಯಿತು — ಇಳಿಸಿಯೇ ಇಟ್ಟರೆ ಲವೀನಾಳ ಕಣ್ಣು. ಮೈ ಸ್ವಲ್ಪ ಬಿಸಿ, ಒಂದು ನಿಮಿಷ, ಎಂದರು, ಎಂದದ್ದು ತಾವೇ, ಎದ್ದು ನಿಂತದ್ದೂ ತಾವೇ. ಎಂತ ಸರ್, ಜ್ವರವಾ, ಎಂದಳು ಪ್ರಬಂಧ ಓದಿದ್ದ ಲವೀನಾ, ನಿಮಗೂ?

ಬಾಗಿಲು ಹಿಂದೆ ಮುಚ್ಚಿಕೊಂಡಿತು, ಪಡಸಾಲೆಯ ಬೆಂಚಿನಿಂದ ಯಾರೋ ಎದ್ದರು, ಯಾರೋ ಏನು, ಮುಥೋನಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಒತ್ತಿಕೊಂಡ ಫೈಲು, ಗುಡ್ ಮಾರ್ನಿಂಗ್ ಪ್ರೊಫೆಸರ್, ಮುಗಿಯಿತೇ? ಇಲ್ಲ, ಇನ್ನೂ ಇಲ್ಲ, ಬಂದೆ ಈಗ, ಎನ್ನುತ್ತಾರೆ, ಅವಳು ಅಸಾಂಟೆ ಎನ್ನುತ್ತಾಳೆ, ಯಾತಕ್ಕೆ ಥ್ಯಾಂಕ್ಸ್, ಕಾಲು ಮೆಟ್ಟಿಲ ಕಡೆಗೆ, ಅಲ್ಲ ಬಾಗಿಲ ಕಡೆಗೆ, ಈಗಲೂ ಹೋಗಬಹುದು, ಒಳಗೆ ಅಧ್ಯಕ್ಷೆ ಏನೋ ಓದುತ್ತಿದ್ದಾರೆ, ಈಗಲೂ, ಕತ್ತಿಗೆ ಚಳಿ ಹೊಡೆಯಿತು, ಕೈ ಕತ್ತಿಗೆ ಹೋಯಿತು, ರೀ ಕಟ್ಕೊಂಡೇ ಇರಿ ಬಿಚ್ಚಬೇಡಿ ಎಂದು ಬೆಳಗ್ಗೆ ಹೆಂಡತಿ ಸುತ್ತಿ ಕಳಿಸಿದ್ದ ಬೂದು ಮಫ್ಲರ್ ಅಲ್ಲಿಲ್ಲ, ಬಾಗಿಲ ಗಾಜಿನಾಚೆ ಐದು ಕುರ್ಚಿ, ನಾಲ್ಕರಲ್ಲಿ ಜನ, ಐದನೆಯದರ ಮೇಲೆ ಅದು, ಸುರುಳಿ ಸುತ್ತಿಕೊಂಡು, ದುಂಡಗೆ, ಟೋಪಿಯ ಹಾಗೆ, ಕುರ್ಚಿಯ ಮೇಲೆ ಟೋಪಿ, ಮುಥೋನಿಯೂ ಅದನ್ನೇ ನೋಡುತ್ತಿದ್ದಾಳೆ, ಟೋಪಿ.