ಒಂಬತ್ತನೆಯ ತುಂಡಿನ ತಾರೀಖು

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಎಲ್ಲಾದರೂ ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು.

ವಿಕುನ್ಯಾ ಊರಿನ ನೆಲ್ಡಾ ತನ್ನ ಗಂಡ ಅಬೆಲಾರ್ದೋನನ್ನು ಮಣ್ಣು ಮಾಡಿದ್ದು ಜೂನ್ ಒಂಬತ್ತಕ್ಕೆ. ಕಾಯಿಲೆ ಬೀಳುವವರೆಗೂ ಅವನು ಮಾಳಿಗೆಯ ಮೇಲಿಂದ ವೃಶ್ಚಿಕ ರಾಶಿಯ ಪಕ್ಕದ ಬಣ್ಣದ ನೀಹಾರಿಕೆಯ ಚಿತ್ರ ತೆಗೆಯುತ್ತಿದ್ದ. ಅದು ದೂರದರ್ಶಕದ ಒಂದೇ ನೋಟಕ್ಕೆ ಹಿಡಿಸುವಂಥದ್ದಲ್ಲ. ಒಂಬತ್ತು ತುಂಡುಗಳಾಗಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದು, ಅಂಚಿನ ನಕ್ಷತ್ರಗಳನ್ನು ಹೊಂದಿಸಿ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಎಂಟು ಆಗಿದ್ದವು. ಅಷ್ಟರಲ್ಲಿ ಹಾಸಿಗೆ ಹಿಡಿದ.

ಆಗಸ್ಟಿನಲ್ಲಿ ಊರಿನ ಆಕಾಶವೀಕ್ಷಕರ ಸಂಘದ ಪ್ರದರ್ಶನ. ಚಿತ್ರ ಪೂರ್ತಿಯಾಗಿರಬೇಕು, ಪ್ರತಿ ತುಂಡಿಗೂ ತೆಗೆದವರ ಹೆಸರು, ತಾರೀಖು ಬರೆಯಬೇಕು ಎಂಬುದು ಅಲ್ಲಿಯ ಕಟ್ಟಳೆ. ಗಂಡನ ಕೊನೆಯ ಕೆಲಸ ಆ ಗೋಡೆಗೆ ಏರಲೇಬೇಕೆಂದು ನೆಲ್ಡಾಳ ಹಟ. ಉಳಿದದ್ದನ್ನು ತಾನೇ ತೆಗೆದರಾಯಿತೆಂದು ಒಂದು ಮಧ್ಯಾಹ್ನ ಅವನ ಕಂಪ್ಯೂಟರ್ ತೆರೆದರೆ, ಒಂಬತ್ತೂ ಇದ್ದವು.

ಜೋಡಿಸಿದಳು. ಬೆಸುಗೆ ಎಲ್ಲೂ ಕಾಣಲಿಲ್ಲ. ಕ್ಯಾಮೆರಾವನ್ನು ಕೊಂಚ ಎಡಕ್ಕೆ ವಾಲಿಸಿ ಬಿಗಿಯುವುದು ಅವನ ಹಳೆಯ ಚಾಳಿ; ಆ ವಾಲು ಇದರಲ್ಲೂ ಇತ್ತು. ತಾರೀಖು ಮಾತ್ರ ಜೂನ್ ಇಪ್ಪತ್ತು.

ಸಂಘದ ಹಿರಿಯ ಫ್ರೊಯಿಲಾನನ ಮನೆಗೆ ಒಯ್ದಳು. ಅವನು ನಕ್ಕುಬಿಟ್ಟ.

"ನಿನ್ನ ಗಂಡ ಬದುಕಿದ್ದಾಗಲೂ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಕಣಮ್ಮ. ಕ್ಯಾಮೆರಾದ ಗಡಿಯಾರ ಕೆಟ್ಟಿರತ್ತೆ, ಬಿಡು."

ನೆಲ್ಡಾ ಅಂಚಿನಲ್ಲಿದ್ದ ಒಂದು ಸಣ್ಣ ಗೀರನ್ನು ತೋರಿಸಿದಳು. ಪಕ್ಕದ ತುಂಡಿನಲ್ಲಿ ಅದೇ ಜಾಗ ಖಾಲಿ. ನಕ್ಷತ್ರ ಹಾಗೆ ಜರುಗುವುದಿಲ್ಲ, ಅದು ಕ್ಷುದ್ರಗ್ರಹ, ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವ ಕಲ್ಲು. ಫ್ರೊಯಿಲಾನ್ ಅವುಗಳ ಸ್ಥಾನದ ಪಟ್ಟಿ ತೆಗೆದು ಕುಳಿತ. ಚಹಾ ಆರಿತು, ಬ್ರೆಡ್ಡಿಗೆ ಹಚ್ಚಿದ್ದ ಬೆಣ್ಣೆಹಣ್ಣು ಕಪ್ಪಾಯಿತು. ಮೂರು ಸಲ ಲೆಕ್ಕ ಹಾಕಿದ. ಆ ಪುಟ್ಟ ಕಲ್ಲು ಆ ಜಾಗದಲ್ಲಿದ್ದದ್ದು ಜೂನ್ ಇಪ್ಪತ್ತರ ರಾತ್ರಿಯೊಂದೇ.

"ದೂರದರ್ಶಕ ಯಾರ ಹತ್ರ ಇತ್ತು?"

"ಮಣ್ಣಾದ ಮೂರನೇ ದಿನಾನೇ ಬಿಚ್ಚಿ ನನ್ನ ಮಂಚದ ಕೆಳಗಿಟ್ಟೆ, ಫ್ರೊಯಿಲಾನ್ ಅವ್ರೇ. ಅವತ್ತಿಂದ ಅದರ ಮೇಲೇ ಮಲಗ್ತಿದೀನಿ."

ಅವನು ಪಟ್ಟಿಯನ್ನು ಮುಚ್ಚಿಟ್ಟು, ದನಿ ತಗ್ಗಿಸಿದ. "ಮೇ ಅಂತ ಬರಿ. ಯಾರೂ ಕೇಳಲ್ಲ. ಇದನ್ನೇ ಬರೆದ್ರೆ ಮೋಸ ಅಂತಾರೆ, ಚಿತ್ರ ಇಳಿಸಿಬಿಡ್ತಾರೆ."

"ಸುಳ್ಳು ತಾರೀಖಿನ ಪಕ್ಕ ಅವರ ಹೆಸರು ಬರೆಯೋಕೆ ನನ್ನ ಕೈ ಬರಲ್ಲ."

ಇದ್ದದ್ದನ್ನು ಇದ್ದಂತೆ ಬರೆದಳು: ಅಬೆಲಾರ್ದೋ, ಜೂನ್ ಇಪ್ಪತ್ತು. ಪ್ರದರ್ಶನಕ್ಕೆ ಬಂದವರು ಹತ್ತಿರ ಬಾಗಿ ಓದುತ್ತಿದ್ದರು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹೆಚ್ಚಿನವರು ಜೂನ್ ಒಂಬತ್ತರಂದು ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರೇ. ಮೋಸವೆಂದು ಯಾರೂ ಅನ್ನಲಿಲ್ಲ, ಇಳಿಸಿ ಎಂದೂ ಅನ್ನಲಿಲ್ಲ. ಮೂರು ದಿನವೂ ಚಿತ್ರ ಗೋಡೆಯ ಮೇಲಿತ್ತು. ಅದಕ್ಕೆ ಬೆನ್ನು ಹಾಕಿ ಮಾತ್ರ ಯಾರೂ ನಿಲ್ಲಲಿಲ್ಲ.

ಆ ತುಂಡನ್ನು ಅವನು ಹೇಗೆ ತೆಗೆದ, ಎಲ್ಲಿಂದ ತೆಗೆದ ಎಂಬುದು ನೆಲ್ಡಾಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.